ಕ್ರಯಪತ್ರ ಆಯಿತು, ಪಹಣಿ ಯಾವಾಗ? ಎರಡು ಗಣಕ ದಾಖಲೆಗಳ ನಡುವೆ ಮಾಹಿತಿ ದಾಟುವ ಬಗೆ

ಬೆಂಗಳೂರು: ಜಮೀನು ಕೊಂಡವರು ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಹೊರಬರುವಾಗ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿರುತ್ತದೆ. ಹಣ ಸಂದಾಯವಾಗಿರುತ್ತದೆ, ಮುದ್ರಾಂಕ ಶುಲ್ಕ ಕಟ್ಟಿಯಾಗಿರುತ್ತದೆ, ಹೆಬ್ಬೆರಳ ಗುರುತು, ಛಾಯಾಚಿತ್ರ ಎಲ್ಲವೂ ಮುಗಿದಿರುತ್ತವೆ. ಆದರೆ ಅಂದೇ ಸಂಜೆ ಪಹಣಿ ತೆಗೆಸಿ ನೋಡಿದರೆ ಮಾಲೀಕರ ಕಾಲಂನಲ್ಲಿ ಸಾಮಾನ್ಯವಾಗಿ ಮಾರಿದವರ ಹೆಸರೇ ಇರುತ್ತದೆ. ಹಾಗಾದರೆ ಜಮೀನು ಯಾರದು?

ಕಾನೂನಿನ ಉತ್ತರ ವಕೀಲರಿಗೆ ಸೇರಿದ್ದು. ಆದರೆ ಈ ಅಂತರ ಏಕೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಗಣಕ ಶಾಸ್ತ್ರದ ಉತ್ತರವೊಂದಿದೆ. ಕ್ರಯಪತ್ರ ಒಂದು ದತ್ತಸಂಚಯದಲ್ಲಿ ದಾಖಲಾಗುತ್ತದೆ, ಪಹಣಿ ಇನ್ನೊಂದರಲ್ಲಿದೆ. ಒಂದರಲ್ಲಿ ನಡೆದ ಬದಲಾವಣೆ ಇನ್ನೊಂದಕ್ಕೆ ತಪ್ಪದೆ, ಪ್ರತಿದಿನವೂ, ಅರ್ಥ ಕೆಡದಂತೆ ತಲುಪಬೇಕು. ಕೇಳಲು ಸರಳವೆನಿಸುವ ಈ ಕೆಲಸ ಗಣಕ ತಜ್ಞರ ನಿದ್ದೆಗೆಡಿಸುವ ಕೆಲಸಗಳಲ್ಲೊಂದು. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಕಂಪನಿ, ವಿಶ್ವವಿದ್ಯಾಲಯ ಎಲ್ಲೆಡೆಯೂ ಇದೇ ಸಮಸ್ಯೆಯಿದೆ. ಭೂದಾಖಲೆಯ ಉದಾಹರಣೆಯನ್ನು ಹಿಡಿದು ಅದನ್ನು ಬಿಡಿಸಿ ನೋಡುವ ಪ್ರಯತ್ನ ಇಲ್ಲಿದೆ.

ಎರಡು ಪುಸ್ತಕ, ಎರಡು ಉದ್ದೇಶ

ರಾಜ್ಯದ ಭೂದಾಖಲೆಗಳ ಗಣಕೀಕರಣ ಯೋಜನೆಯಾದ 'ಭೂಮಿ' 2000ದ ದಶಕದ ಆರಂಭದಲ್ಲಿ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗ್ರಾಮ ಲೆಕ್ಕಿಗರ ಪುಸ್ತಕಗಳಿಂದ ಗಣಕಕ್ಕೆ ಬಂದವು. ರಾಷ್ಟ್ರೀಯ ಮಾಹಿತಿ ಕೇಂದ್ರ ಇದರ ತಂತ್ರಾಂಶವನ್ನು ರೂಪಿಸಿತು. 2003ರಲ್ಲಿ ಆರಂಭವಾದ 'ಕಾವೇರಿ' ಇದಕ್ಕಿಂತ ಭಿನ್ನ. ಅದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ಅದರ ಮೊದಲ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಪುಣೆಯ ಸಿ-ಡ್ಯಾಕ್. 2023ರಲ್ಲಿ 'ಕಾವೇರಿ 2.0' ಹೆಸರಿನ ಹೊಸ ವ್ಯವಸ್ಥೆ ಬಳಕೆಗೆ ಬಂತು.

ಎರಡನ್ನೂ ಒಂದೇ ಪುಸ್ತಕವಾಗಿಸಬಾರದಿತ್ತೇ ಎಂದು ಕೇಳಬಹುದು. ಎರಡರ ಉದ್ದೇಶವೇ ಬೇರೆ. ನೋಂದಣಿ ಕಚೇರಿಗೆ ಬೇಕಾದದ್ದು ವ್ಯವಹಾರದ ವಿವರ: ಯಾರು ಯಾರಿಗೆ ಏನನ್ನು ಎಷ್ಟಕ್ಕೆ ಕೊಟ್ಟರು, ಶುಲ್ಕ ಎಷ್ಟು, ಸಾಕ್ಷಿಗಳು ಯಾರು. ಮಾರಾಟದ ಜತೆಗೆ ದಾನಪತ್ರ, ವಿಭಾಗಪತ್ರ, ಉಯಿಲು, ಭೋಗ್ಯಪತ್ರಗಳೂ ಅಲ್ಲಿಗೆ ಬರುತ್ತವೆ. ಕಂದಾಯ ಇಲಾಖೆಗೆ ಬೇಕಾದದ್ದು ಜಮೀನಿನ ಸ್ಥಿತಿ: ಈ ಸರ್ವೆ ನಂಬರಿನಲ್ಲಿ ಇಂದು ಯಾರ ಹಕ್ಕಿದೆ, ವಿಸ್ತೀರ್ಣ ಎಷ್ಟು, ಬೆಳೆ ಯಾವುದು, ಸಾಲವಿದೆಯೇ. ಒಂದು ಘಟನೆಗಳ ಪುಸ್ತಕ, ಮತ್ತೊಂದು ಸ್ಥಿತಿಯ ಪುಸ್ತಕ. ಹೀಗೆ ಭಿನ್ನ ಉದ್ದೇಶದ, ಭಿನ್ನ ಕಾಲದ, ಭಿನ್ನ ಕೈಗಳ ದತ್ತಸಂಚಯಗಳು ಪ್ರತಿಯೊಂದು ದೊಡ್ಡ ಸಂಸ್ಥೆಯಲ್ಲೂ ಇರುತ್ತವೆ. ಅವುಗಳನ್ನು ಕೆಡವಿ ಒಂದಾಗಿಸುವುದಕ್ಕಿಂತ ನಡುವೆ ಸೇತುವೆ ಕಟ್ಟುವುದೇ ಸಾಮಾನ್ಯ ದಾರಿ.

ಈ ಸೇತುವೆ ಕಾಗದದ ಕಾಲದಲ್ಲಿಯೂ ಇತ್ತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಪಡೆದವರು ಅದನ್ನು ಕಂದಾಯ ಅಧಿಕಾರಿಗೆ ವರದಿ ಮಾಡಬೇಕು. ನೋಂದಾಯಿತ ಪತ್ರದ ಮೂಲಕ ಹಕ್ಕು ಪಡೆದವರಿಗೆ ಈ ಹೊರೆ ಇಲ್ಲ, ಏಕೆಂದರೆ ನೋಂದಣಿ ಕಚೇರಿಯೇ ವಿವರ ಕಳುಹಿಸುತ್ತದೆ. 'ಜೆ ಸ್ಲಿಪ್' ಎಂದು ಕಚೇರಿಗಳಲ್ಲಿ ಕರೆಯುವ ಚೀಟಿ ಇದೇ. ಹಿಂದೆ ಅದು ಟಪಾಲಿನಲ್ಲಿ ಹೋಗುತ್ತಿತ್ತು, ಇಂದು ಗಣಕಜಾಲದಲ್ಲಿ ಹೋಗುತ್ತದೆ.

ತೆಗೆ, ಹೊಂದಿಸು, ತುಂಬು

ಎರಡು ದತ್ತಸಂಚಯಗಳ ನಡುವಿನ ಸಾಗಣೆಗೆ ಮೂರು ಹಂತಗಳಿವೆ. ಮೂಲದಿಂದ ಮಾಹಿತಿ ತೆಗೆಯುವುದು, ತಲುಪುವ ಕಡೆಗೆ ಒಪ್ಪುವಂತೆ ಹೊಂದಿಸುವುದು, ಅಲ್ಲಿ ತುಂಬುವುದು. ಒಮ್ಮೆ ಮಾತ್ರ ಮಾಡುವುದಾದರೆ ಕಣ್ಣಲ್ಲಿ ಕಣ್ಣಿಟ್ಟು ಮಾಡಿ ಮುಗಿಸಬಹುದು. ಪ್ರತಿದಿನ ಅಥವಾ ಪ್ರತಿನಿಮಿಷ ಮಾಡಬೇಕೆಂದಾಗ ಯಾರೂ ನೋಡದಿರುವಾಗಲೂ ಸರಿಯಾಗಿ ನಡೆಯಬೇಕು. ಕಷ್ಟ ಇರುವುದು ಅಲ್ಲಿಯೇ.

ದತ್ತಸಂಚಯಗಳಿಗೆ ಸಾಮಾನ್ಯ ಭಾಷೆಯೊಂದಿದೆ. ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ಸಿದ್ಧಾಂತವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅದರ ಮೇಲೆ ಬೆಳೆದ ಎಸ್‌ಕ್ಯೂಎಲ್ ಭಾಷೆಗೆ 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಮಾನ್ಯತೆ ಕೊಟ್ಟಿತು. ಆದರೂ ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಇವೆಲ್ಲ ಒಂದೇ ಭಾಷೆಯ ಬೇರೆ ಬೇರೆ ಆಡುನುಡಿಗಳನ್ನು ಆಡುತ್ತವೆ. ಧಾರವಾಡದವರೂ ಮಂಗಳೂರಿನವರೂ ಕನ್ನಡವನ್ನೇ ಆಡಿದರೂ ಕೆಲವು ಪದಗಳಲ್ಲಿ ಎಡವುವಂತೆ ಇಲ್ಲಿಯೂ ಎಡವು ಉಂಟು. ಏನೂ ಬರೆಯದ ಖಾಲಿ ಪಠ್ಯವನ್ನು ಒರಾಕಲ್ 'ಮಾಹಿತಿಯೇ ಇಲ್ಲ' ಎಂದು ಪರಿಗಣಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ 'ಖಾಲಿ' ಮತ್ತು 'ಇಲ್ಲ' ಬೇರೆ ಬೇರೆ. ಸಾಲದ ಕಾಲಂ ಖಾಲಿ ಇದ್ದರೆ ಸಾಲವಿಲ್ಲ ಎಂದರ್ಥವೋ, ಯಾರೂ ಪರಿಶೀಲಿಸಿಲ್ಲ ಎಂದರ್ಥವೋ? ಒಂದು ಕಡೆ ಇರುವ ಈ ವ್ಯತ್ಯಾಸ ಇನ್ನೊಂದು ಕಡೆ ಅಳಿಸಿಹೋಗಬಹುದು.

ಏನು ಬದಲಾಯಿತೆಂದು ತಿಳಿಯುವುದು

ಪ್ರತಿ ರಾತ್ರಿ 2 ಕೋಟಿ ದಾಖಲೆಗಳನ್ನೂ ನಕಲು ಮಾಡುವುದು ವ್ಯರ್ಥ. ಅಂದು ಬದಲಾದವುಗಳನ್ನಷ್ಟೇ ಒಯ್ಯಬೇಕು. ಅದನ್ನು ಗುರುತಿಸಲು ಮುಖ್ಯವಾಗಿ ಮೂರು ಉಪಾಯಗಳಿವೆ.

ಮೊದಲನೆಯದು, ಪ್ರತಿ ದಾಖಲೆಯಲ್ಲಿ 'ಕೊನೆಯದಾಗಿ ಬದಲಾದ ವೇಳೆ' ಎಂಬ ಕಾಲಂ ಇಡುವುದು. ನಿನ್ನೆ ರಾತ್ರಿ 11ರ ನಂತರ ಬದಲಾದದ್ದನ್ನೆಲ್ಲ ಕೊಡು ಎಂದು ಕೇಳುವುದು. ಇದು ಸುಲಭ, ಆದರೆ ಎರಡು ತೂತುಗಳಿವೆ. ಅಳಿಸಿಹಾಕಿದ ದಾಖಲೆ ಇಲ್ಲಿ ಸಿಗುವುದಿಲ್ಲ, ಇಲ್ಲದ ದಾಖಲೆಗೆ ವೇಳೆಯ ಕಾಲಂ ಎಲ್ಲಿಂದ ಬರಬೇಕು? ಎರಡನೆಯದಾಗಿ, 10 ಗಂಟೆ 59 ನಿಮಿಷಕ್ಕೆ ಆರಂಭವಾಗಿ 11 ಗಂಟೆ 1 ನಿಮಿಷಕ್ಕೆ ಮುಗಿದ ವ್ಯವಹಾರ ಹಳೆಯ ವೇಳೆಯನ್ನೇ ಹೊತ್ತಿದ್ದರೆ ಇಂದಿನ ಓಟಕ್ಕೂ ಸಿಗದೆ ನಾಳಿನ ಓಟಕ್ಕೂ ಸಿಗದೆ ನಡುವೆ ಬಿದ್ದುಹೋಗುತ್ತದೆ. ಆದ್ದರಿಂದಲೇ ಅನುಭವಿಗಳು ಪ್ರತಿ ಸಲವೂ ಸ್ವಲ್ಪ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ದಾಖಲೆಗಳನ್ನು ಅಳಿಸದೆ 'ರದ್ದಾಗಿದೆ' ಎಂದು ಗುರುತು ಹಾಕುತ್ತಾರೆ.

ಎರಡನೆಯ ಉಪಾಯ, ಬದಲಾವಣೆ ಆದೊಡನೆ ಪಕ್ಕದ ಕೋಷ್ಟಕವೊಂದರಲ್ಲಿ ತಾನಾಗಿ ಟಿಪ್ಪಣಿ ಬೀಳುವಂತೆ ಮಾಡುವುದು. ಇದರಲ್ಲಿ ಅಳಿಸಿದ್ದೂ ಸಿಗುತ್ತದೆ, ಆದರೆ ಪ್ರತಿ ವ್ಯವಹಾರದ ಮೇಲೂ ಹೆಚ್ಚಿನ ಹೊರೆ ಬೀಳುತ್ತದೆ.

ಮೂರನೆಯದು, ದತ್ತಸಂಚಯ ತನ್ನ ರಕ್ಷಣೆಗಾಗಿ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ಓದುವುದು. ವಿದ್ಯುತ್ ಹೋದರೆ ಚೇತರಿಸಿಕೊಳ್ಳಲೆಂದು ಪ್ರತಿ ದತ್ತಸಂಚಯವೂ ತಾನು ಮಾಡಿದ್ದನ್ನು ಕ್ರಮವಾಗಿ ಬರೆದಿಡುತ್ತದೆ. ಅದನ್ನೇ ಓದಿ ಬದಲಾವಣೆಗಳನ್ನು ಆಚೆ ಕಳುಹಿಸುವ ತಂತ್ರಾಂಶಗಳಿವೆ. ಒರಾಕಲ್‌ನ ಗೋಲ್ಡನ್‌ಗೇಟ್, ಮುಕ್ತ ತಂತ್ರಾಂಶವಾದ ಡೆಬೀಸಿಯಂ ಈ ಬಗೆಯವು. ವೇಗವೂ ಹೆಚ್ಚು, ಮೂಲದ ಮೇಲಿನ ಹೊರೆಯೂ ಕಡಿಮೆ. ಆದರೆ ಓದುವವನು ಹಲವು ದಿನ ನಿಂತುಹೋದರೆ ಹಳೆಯ ದಿನಚರಿ ಅಳಿಸಿಹೋಗಿರಬಹುದು, ಇಲ್ಲವೇ ಅದು ಬೆಳೆದು ಡಿಸ್ಕ್ ತುಂಬಿಬಿಡಬಹುದು.

ಎರಡೂವರೆಯೋ, ಎರಡು ಎಕರೆ ಎಂಟು ಗುಂಟೆಯೋ

ಅಂಕಿಗಳು ಸರಿಯಾಗಿ ದಾಟಿದರೂ ಅರ್ಥ ಹಿಂದುಳಿಯಬಹುದು. ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದ್ದರೆ ರೈತನಿಗೆ ಗೊತ್ತು, ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಆದರೆ ಇದನ್ನು ಸಾದಾ ದಶಾಂಶ ಸಂಖ್ಯೆ ಎಂದು ಓದಿಕೊಳ್ಳುವ ಗಣಕಕ್ಕೆ 2.20 ಎಕರೆ ಎಂದರೆ 2 ಎಕರೆ 8 ಗುಂಟೆ. ವ್ಯತ್ಯಾಸ 12 ಗುಂಟೆ, ಅಂದರೆ 13,068 ಚದರ ಅಡಿ. ಯಾವ ದೋಷಸೂಚನೆಯೂ ಬರುವುದಿಲ್ಲ, ಏಕೆಂದರೆ ಅಂಕಿ ಅಂಕಿಯಾಗಿಯೇ ದಾಟಿದೆ.

ಇಂಥ ತಪ್ಪು ಭೂಮಿಯನ್ನೂ ಮೀರಿ ಹೋದದ್ದುಂಟು. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ಮಂಗಳ ಗ್ರಹದ ಹವಾಮಾನ ಶೋಧ ನೌಕೆ ಕಳೆದುಹೋಯಿತು. ಒಂದು ತಂಡದ ತಂತ್ರಾಂಶ ಬಲದ ಲೆಕ್ಕವನ್ನು ಪೌಂಡುಗಳ ಮಾನದಲ್ಲಿ ಕಡತಕ್ಕೆ ಬರೆಯುತ್ತಿತ್ತು, ಅದನ್ನು ಪಡೆದ ತಂಡದ ತಂತ್ರಾಂಶ ನ್ಯೂಟನ್ ಮಾನವೆಂದು ಓದಿಕೊಳ್ಳುತ್ತಿತ್ತು. ನಡುವೆ ಸುಮಾರು ನಾಲ್ಕೂವರೆ ಪಟ್ಟು ಅಂತರ.

ಸರ್ವೆ ನಂಬರಿನದು ಇನ್ನೊಂದು ಕಥೆ. ಹಿಸ್ಸಾ ಸಹಿತ 10/2 ಎಂದಿರುವ ಸಂಖ್ಯೆಯ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಅದು ದಿನಾಂಕವಾಗಿಬಿಡುತ್ತದೆ. ಹಾಗೆಯೇ ಉಳಿಸಿದರೆ ಮೂಲ ಸಂಖ್ಯೆ ಹೋಯಿತು. ಇದೇ ಚಾಳಿಯಿಂದ ಬೇಸತ್ತು ಮಾನವ ವಂಶವಾಹಿಗಳ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ 2020ರಲ್ಲಿ 'ಮಾರ್ಚ್1', 'ಸೆಪ್ಟ್1' ಮೊದಲಾದ ವಂಶವಾಹಿಗಳ ಹೆಸರನ್ನೇ ಬದಲಿಸಿತು. ಎರಡು ದೊಡ್ಡ ದತ್ತಸಂಚಯಗಳ ನಡುವೆ 'ಸ್ವಲ್ಪ ನೋಡಿಕೊಡಿ' ಎಂದು ಎಕ್ಸೆಲ್ ಕಡತವನ್ನು ಇಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡದ ಹೆಸರುಗಳ ಪಾಡು

ಕನ್ನಡ ದಾಖಲೆಗಳಿಗೆ ಇನ್ನೊಂದು ಕಂಟಕವಿದೆ, ಅದು ಲಿಪಿಯದು. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಆದರೆ ಅದು ಎಲ್ಲೆಡೆ ಬಳಕೆಗೆ ಬರುವ ಮೊದಲು ಬಹುಪಾಲು ಕನ್ನಡ ಪಠ್ಯ ಫಾಂಟ್ ಆಧಾರಿತವಾಗಿತ್ತು. ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಉಳಿದಿರುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳು. ಅಂಥ ಕೋಷ್ಟಕವನ್ನು ಪರಿವರ್ತಿಸದೆ ಹೊಸ ದತ್ತಸಂಚಯಕ್ಕೆ ಸುರಿದರೆ ರೈತನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಯೂನಿಕೋಡ್‌ಗೆ ಬಂದಮೇಲೂ ತೊಡಕು ತೀರುವುದಿಲ್ಲ. 'ಮಲ್ಲಿಕಾರ್ಜುನಯ್ಯ' ಎಂಬ ಹೆಸರು ನಮ್ಮ ಕಣ್ಣಿಗೆ 6 ಅಕ್ಷರ. ಒತ್ತು, ಗುಣಿತ ಎಲ್ಲ ಬಿಡಿಸಿದರೆ ಅದು 15 ಸಂಕೇತ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 45 ಬೈಟ್. ತಲುಪುವ ಕಡೆಯ ಕಾಲಂಗೆ 30 ಬೈಟ್ ಜಾಗವಷ್ಟೇ ಇದ್ದು, ಹೆಚ್ಚಾದದ್ದನ್ನು ಕತ್ತರಿಸು ಎಂದು ಯಾರಾದರೂ ಸೂಚಿಸಿದ್ದರೆ ಆ ವ್ಯಕ್ತಿ 'ಮಲ್ಲಿಕಾರ್ಜ' ಆಗುತ್ತಾರೆ. ಮುಂದೆ ಆಧಾರ್ ಹೆಸರಿನೊಡನೆ ಹೋಲಿಸಿದಾಗ ತಾಳೆಯಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು 'ಗೋಪಾಲ' ಎಂಬ ಹೆಸರಿನದು. 'ಗೋ' ಎಂಬುದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆಗಳ ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನಷ್ಟೇ ಹೋಲಿಸುವ ಗಣಕಕ್ಕೆ ಇವರು ಇಬ್ಬರು ಗೋಪಾಲರು. ಹೋಲಿಸುವ ಮುನ್ನ ಎಲ್ಲ ಪಠ್ಯವನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮವನ್ನು ಯೂನಿಕೋಡ್ ಮಾನಕವೇ ವಿವರಿಸಿದೆ. ಆದರೆ ಪಾಲಿಸಬೇಕಾದವರು ಸೇತುವೆ ಕಟ್ಟುವವರು.

ಹೆಸರನ್ನು ನಂಬಿ ದಾಖಲೆ ಜೋಡಿಸುವುದು ಆದ್ದರಿಂದಲೇ ಅಪಾಯ. ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಒಂದೇ ಊರಿನಲ್ಲಿ ಇರುವುದು ನಮ್ಮಲ್ಲಿ ಅಪರೂಪವಲ್ಲ. ಎರಡೂ ಕಡೆ ಒಪ್ಪುವ ಗುರುತು ಸಂಖ್ಯೆ ಬೇಕು. ರೈತರ ನೋಂದಣಿಗಾಗಿ ರಾಜ್ಯ ಸರಕಾರ ರೂಪಿಸಿದ 'ಫ್ರೂಟ್ಸ್' ವ್ಯವಸ್ಥೆ ಪ್ರತಿ ರೈತನಿಗೂ ಗುರುತು ಸಂಖ್ಯೆ ಕೊಟ್ಟು ಅದನ್ನು ಜಮೀನಿನ ವಿವರದೊಡನೆ ಬೆಸೆಯುವುದು ಇದಕ್ಕಾಗಿಯೇ. ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ ಮೊದಲಾದವು ಈ ಬೆಸುಗೆಯನ್ನು ಅವಲಂಬಿಸಿವೆ. ಬೆಸುಗೆ ತಪ್ಪಿದರೆ ಅರ್ಹನಿಗೆ ಹಣ ತಪ್ಪುತ್ತದೆ.

ಅರ್ಧದಾರಿಯಲ್ಲಿ ನಿಂತರೆ

ಸಾಗಣೆಯ ನಡುವೆ ಜಾಲ ಕಡಿದುಹೋಗುವುದು ನಿತ್ಯದ ಸಂಗತಿ. 500 ದಾಖಲೆಗಳಲ್ಲಿ 312 ತಲುಪಿದ ಮೇಲೆ ಸಂಪರ್ಕ ಹೋಯಿತೆನ್ನಿ. ಮತ್ತೆ ಮೊದಲಿನಿಂದ ಕಳುಹಿಸಿದರೆ 312 ದಾಖಲೆಗಳು ಎರಡು ಸಲ ಸೇರುತ್ತವೆಯೇ? 313ರಿಂದ ಎಂದರೆ, 312ನೆಯದು ನಿಜವಾಗಿ ತಲುಪಿತ್ತೇ, ಅಥವಾ ತಲುಪಿದ ಸುದ್ದಿ ಮಾತ್ರ ಬರಲಿಲ್ಲವೇ?

ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಒಂದೇ ದಾಖಲೆಯನ್ನು ಹತ್ತು ಸಲ ಕಳುಹಿಸಿದರೂ ಫಲ ಒಂದೇ ಆಗಿರುವಂತೆ ಕಟ್ಟುವುದು. ಪ್ರತಿ ದಾಖಲೆಗೂ ಮೂಲದ ಗುರುತು ಸಂಖ್ಯೆ ಅಂಟಿರಬೇಕು. ಆ ಸಂಖ್ಯೆ ಈಗಾಗಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಆಗ ಸಂದೇಹ ಬಂದಾಗ ಅಂಜಿಕೆಯಿಲ್ಲದೆ ಮತ್ತೆ ಕಳುಹಿಸಬಹುದು. ಒಪ್ಪದ ದಾಖಲೆಗಳನ್ನು ಎಸೆಯದೆ ಪ್ರತ್ಯೇಕ ಕೋಷ್ಟಕದಲ್ಲಿ, ಕಾರಣ ಸಹಿತ, ಮನುಷ್ಯರು ನೋಡುವಂತೆ ಇಡಬೇಕು.

ಬ್ರಿಟನ್ ಕಲಿಸಿದ ಪಾಠ

ಸದ್ದಿಲ್ಲದೆ ಬಿದ್ದುಹೋಗುವ ಮಾಹಿತಿ ಎಷ್ಟು ದುಬಾರಿ ಎಂಬುದನ್ನು 2020ರಲ್ಲಿ ಇಂಗ್ಲೆಂಡ್ ಕಂಡಿತು. ಕೊರೊನಾ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಸಾದಾ ಪಠ್ಯದ ಕಡತಗಳಾಗಿ ಬರುತ್ತಿದ್ದವು. ಅವುಗಳನ್ನು ಕೇಂದ್ರ ವ್ಯವಸ್ಥೆಗೆ ಸೇರಿಸುವ ಮೊದಲು ಅಂದಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಮಾದರಿಯ ಎಕ್ಸೆಲ್ ಕಡತದ ಮೂಲಕ ಹಾಯಿಸುತ್ತಿತ್ತು. ಆ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಹೆಚ್ಚಾದ ಸಾಲುಗಳು ಸುಮ್ಮನೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣಗಳು ದೈನಂದಿನ ಲೆಕ್ಕಕ್ಕೆ ಸೇರಲಿಲ್ಲ. ಸೋಂಕಿತರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು.

ಬಂದ ಸಾಲುಗಳೆಷ್ಟು, ಸೇರಿದ ಸಾಲುಗಳೆಷ್ಟು ಎಂದು ಪ್ರತಿದಿನ ಎಣಿಸಿ ನೋಡುವ ಒಂದು ಸಣ್ಣ ತಾಳೆಯಿದ್ದರೆ ಮೊದಲ ದಿನವೇ ದೋಷ ಹೊರಬೀಳುತ್ತಿತ್ತು.

ತಾಳೆ ನೋಡುವುದೇ ತಾಯಿಬೇರು

ಅಂಗಡಿಯವರು ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಲೆಕ್ಕದ ಪುಸ್ತಕಕ್ಕೆ ಹೋಲಿಸುತ್ತಾರೆ. ದತ್ತಸಂಚಯಗಳ ನಡುವೆಯೂ ಅದೇ ಶಿಸ್ತು ಬೇಕು. ಮೊದಲು ಸಂಖ್ಯೆಯ ತಾಳೆ: ಇಂದು ನೋಂದಣಿಯಾದ ಕೃಷಿ ಜಮೀನಿನ ಪತ್ರಗಳೆಷ್ಟು, ಆಚೆ ಸ್ವೀಕರಿಸಿದ ಜೆ ಸ್ಲಿಪ್‌ಗಳೆಷ್ಟು? ನಂತರ ಮೊತ್ತದ ತಾಳೆ: ಒಂದು ಸರ್ವೆ ನಂಬರಿನ ಎಲ್ಲ ಹಿಸ್ಸಾಗಳ ವಿಸ್ತೀರ್ಣ ಕೂಡಿದರೆ ಆಕಾರ್‌ಬಂದ್‌ನಲ್ಲಿರುವ ಮೂಲ ವಿಸ್ತೀರ್ಣಕ್ಕೆ ಸಮವಾಗುವುದೇ? ಕೊನೆಗೆ ಕೆಲವು ದಾಖಲೆಗಳನ್ನು ಆಯ್ದು ಅಕ್ಷರ ಅಕ್ಷರ ಹೋಲಿಸುವುದು. ಈ ಮೂರು ನಡೆಯದ ಸೇತುವೆ, ಎಷ್ಟೇ ಬೆಲೆಯ ತಂತ್ರಾಂಶದಿಂದ ಕಟ್ಟಿದ್ದರೂ, ನಂಬಿಕೆಗೆ ಅರ್ಹವಲ್ಲ.

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಬಿಡಲಾಗದು. ಜೆ ಸ್ಲಿಪ್ ಕ್ಷಣದಲ್ಲಿ ತಲುಪಿದರೂ ಖಾತೆ ಬದಲಾವಣೆ ಕೇವಲ ನಕಲು ಮಾಡುವ ಕೆಲಸವಲ್ಲ. ಸಂಬಂಧಪಟ್ಟವರಿಗೆ ನೋಟಿಸು ಕೊಡಬೇಕು, ಆಕ್ಷೇಪಣೆಗೆ ಅವಕಾಶವಿರಬೇಕು, ತಕರಾರು ಬಂದರೆ ವಿಚಾರಣೆ ನಡೆಯಬೇಕು. ಪಾಲುದಾರ ಅಕ್ಕತಂಗಿಯರನ್ನು ಬಿಟ್ಟು ಅಣ್ಣನೊಬ್ಬನೇ ಮಾರಿದ್ದರೆ ಅದನ್ನು ಹಿಡಿಯುವ ಸ್ಥಳ ಇದೇ. ಸಾಗಣೆಯ ವಿಳಂಬ ಬೇರೆ, ವಿವೇಚನೆಯ ಕಾಲಾವಕಾಶ ಬೇರೆ. ಮೊದಲನೆಯದನ್ನು ಶೂನ್ಯಕ್ಕೆ ಇಳಿಸಬೇಕು, ಎರಡನೆಯದನ್ನು ಉಳಿಸಿಕೊಳ್ಳಬೇಕು.

ಕೊಳ್ಳುವವರು ಮಾಡಬೇಕಾದದ್ದು

ಈ ಎರಡು ಪುಸ್ತಕಗಳ ನಡುವಿನ ಅಂತರವೇ ಮೋಸಗಾರರಿಗೆ ಬೇಕಾದ ಸಂದು. ಮಾರಿದವರ ಹೆಸರು ಪಹಣಿಯಲ್ಲಿ ಇನ್ನೂ ಇರುವಾಗ ಅದೇ ಜಮೀನನ್ನು ತೋರಿಸಿ ಮತ್ತೊಬ್ಬರಿಂದ ಮುಂಗಡ ಪಡೆಯಲು, ಸಾಲ ಎತ್ತಲು ಯತ್ನಿಸಬಹುದು. ಆದ್ದರಿಂದ ಜಮೀನು ಕೊಳ್ಳುವವರು ಎರಡೂ ಪುಸ್ತಕಗಳನ್ನು ತಾವೇ ತಾಳೆ ನೋಡುವುದು ಒಳಿತು. ನೋಂದಣಿ ಇಲಾಖೆಯ ಋಣಭಾರ ಪ್ರಮಾಣಪತ್ರ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ಪಹಣಿಯ 9ನೇ ಕಾಲಂ ಮಾಲೀಕರನ್ನೂ 11ನೇ ಕಾಲಂ ಇತರ ಹಕ್ಕು ಮತ್ತು ಋಣಗಳನ್ನೂ ತೋರಿಸುತ್ತದೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಾರಣ ಕೇಳಿ ತಿಳಿಯುವವರೆಗೆ ಮುಂಗಡ ಕೊಡಬಾರದು.

ನೋಂದಣಿಯ ನಂತರವೂ ಕೆಲಸ ಮುಗಿಯುವುದಿಲ್ಲ. ಖಾತೆ ಬದಲಾವಣೆಯ ಸ್ಥಿತಿಯನ್ನು ಭೂಮಿ ಜಾಲತಾಣದಲ್ಲಿ ನೋಡುತ್ತಿರಬೇಕು, ಹೊಸ ಪಹಣಿ ಬಂದೊಡನೆ ಹೆಸರಿನ ಕಾಗುಣಿತ, ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ ಎಲ್ಲವನ್ನೂ ಕ್ರಯಪತ್ರದೊಡನೆ ಹೋಲಿಸಬೇಕು. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಕಾನೂನಿನಂತೆ ಬದಲಾಗುವವರೆಗೆ ಹಕ್ಕುದಾಖಲೆಯ ನಮೂದು ನಿಜವೆಂದೇ ಭಾವಿಸಲಾಗುತ್ತದೆ. ದಾರಿಯಲ್ಲಿ ಕಳೆದ 12 ಗುಂಟೆಯನ್ನು ಆರಂಭದಲ್ಲಿ ಹಿಡಿದರೆ ಒಂದು ತಿದ್ದುಪಡಿ ಅರ್ಜಿ ಸಾಕಾಗಬಹುದು. ಮಕ್ಕಳ ಕಾಲಕ್ಕೆ ಬಿಟ್ಟರೆ ಅದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.